ದೊಡ್ಡ ಆಪರೇಷನ್‌ಗೆ ಲೆಕ್ಕ ಕೇಳಿದ ಡಾಕ್ಟರು

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮರಾಠಿಯಲ್ಲಿ ಅದು ‘ಗಾಠ’. ಆದೋನಿ, ರಾಯದುರ್ಗದ ತೆಲುಗಿನಲ್ಲಿ ‘ಗಡ್ಡ’. ಹೊಸೂರು, ತಾಳವಾಡಿಯ ತಮಿಳಿನಲ್ಲಿ ‘ಕಟ್ಟಿ’. ಕಾಸರಗೋಡಿನ ಮಲಯಾಳದಲ್ಲಿ ‘ಮುಳ’. ಮನೆಯೊಳಗೆ ನಾವೆಲ್ಲ ಅನ್ನುವುದು ‘ಗಂಟು’. ಹೆಸರು ಊರಿಗೊಂದು ಇರಬಹುದು. ಆದರೆ ಅದು ಹೆಣ್ಣುಮಕ್ಕಳ ಎದೆಯಲ್ಲಿ ಕಾಣಿಸಿಕೊಂಡಾಗ ಮನೆಯಲ್ಲಿ ನಡೆಯುವ ಮಾತು ಮಾತ್ರ ಎಲ್ಲ ಊರಲ್ಲೂ ಒಂದೇ.

ಸ್ನಾನ ಮಾಡುವಾಗ ಕೈಗೆ ಸಿಕ್ಕಿರುತ್ತದೆ. ಕಡಲೆಕಾಳಿನಷ್ಟು, ಇಲ್ಲವೇ ಅಡಿಕೆಯಷ್ಟು. ನೋವಿಲ್ಲ. ‘ನೋಯಂಗಿಲ್ಲಲ್ಲ, ಬಿಡು’ ಎಂದು ಆಕೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ. ಸುಗ್ಗಿ ಮುಗಿಯಲಿ ಅಂತ ಎರಡು ತಿಂಗಳು, ಮಗಳ ಮದುವೆ ಆಗಲಿ ಅಂತ ಆರು ತಿಂಗಳು. ಕೊನೆಗೊಂದು ದಿನ ಅಕ್ಕನ ಹತ್ತಿರವೋ ನೆಗೆಣ್ಣಿಯ ಹತ್ತಿರವೋ ಬಾಯಿಬಿಟ್ಟರೆ ಬರುವ ಉತ್ತರ: ‘ದವಾಖಾನಿಗೆ ಹೋದ್ರ ಎದಿನ ತೆಗೀತಾರಂತ ನೋಡವ್ವಾ!’ ಅಲ್ಲಿಗೆ ಮಾತು ಮುಗಿಯಿತು. ಗಂಟು ಸೆರಗಿನೊಳಗೇ ಉಳಿಯಿತು.

ಈ ಭಯಕ್ಕೆ ಬುಡವೇ ಇಲ್ಲ ಅನ್ನುವಂತಿಲ್ಲ. ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ನಡೆದದ್ದೇ ಅದು. ಗಂಟು ಸಣ್ಣದಿರಲಿ, ದೊಡ್ಡದಿರಲಿ, ಕ್ಯಾನ್ಸರ್ ಎಂದು ಗೊತ್ತಾದರೆ ಇಡೀ ಸ್ತನ ಹೋಯಿತು. ಅದರ ಜೊತೆಗೆ ಇನ್ನೂ ಬಹಳಷ್ಟು ಹೋಯಿತು. ಈ ಪದ್ಧತಿ ಮುರಿದುಬೀಳಲು ಮುಖ್ಯ ಕಾರಣರಾದವರು ಒಬ್ಬ ಶಸ್ತ್ರವೈದ್ಯರೇ ಎಂಬುದು ಕುತೂಹಲದ ಸಂಗತಿ. ಅವರು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಡಾ. ಬರ್ನಾರ್ಡ್ ಫಿಶರ್. 1918ರಲ್ಲಿ ಹುಟ್ಟಿ, 2019ರಲ್ಲಿ ತಮ್ಮ 101ನೇ ವಯಸ್ಸಿನಲ್ಲಿ ತೀರಿಕೊಂಡರು. ಹಳೆಯ ಆಪರೇಷನ್ ತಪ್ಪು ಎಂದು ಅವರು ಭಾಷಣ ಮಾಡುತ್ತ ತಿರುಗಲಿಲ್ಲ. ಅದಕ್ಕೆ ಲೆಕ್ಕ ಕೇಳಿದರು, ಅಷ್ಟೆ.

ಬುಡಸಮೇತ ಕೀಳುವ ಕಾಲ

ಮೊದಲು ಹಳೆಯ ಪದ್ಧತಿ ಏನೆಂದು ನೋಡೋಣ. ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಮಹಾ ಶಸ್ತ್ರವೈದ್ಯರಿದ್ದರು. 1894ರಲ್ಲಿ ಅವರು ಪ್ರಕಟಿಸಿದ ಲೇಖನವೊಂದು ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಶಾಸನದಂತಾಯಿತು. ಸ್ತನ, ಅದರ ಕೆಳಗಿನ ಎದೆಯ ಮಾಂಸಖಂಡ, ಕಂಕುಳಿನ ಹಾಲುರಸದ ಗ್ರಂಥಿಗಳು (ಡಾಕ್ಟರರು ‘ಲಿಂಫ್ ಗ್ರಂಥಿ’ ಅನ್ನುತ್ತಾರೆ) ಎಲ್ಲವನ್ನೂ ಒಂದೇ ತುಂಡಾಗಿ ತೆಗೆದುಹಾಕುವುದು. ಇದಕ್ಕೆ ‘ರ‍್ಯಾಡಿಕಲ್ ಮ್ಯಾಸ್ಟೆಕ್ಟಮಿ’ ಎಂದು ಹೆಸರು. ಬುಡಸಮೇತ ಕೀಳುವುದು ಅಂತ ನಾವು ಅರ್ಥ ಮಾಡಿಕೊಳ್ಳಬಹುದು.

ಹಾಲ್‌ಸ್ಟೆಡ್‌ರನ್ನು ಖಳನಾಯಕ ಮಾಡಬೇಕಾಗಿಲ್ಲ. ಅವರ ಕಾಲದಲ್ಲಿ ಹೆಂಗಸರು ಆಸ್ಪತ್ರೆಗೆ ಬರುವ ಹೊತ್ತಿಗೆ ಗಂಟು ಒಡೆದು ಹುಣ್ಣಾಗಿರುತ್ತಿತ್ತು. ಆಪರೇಷನ್ ಮಾಡಿದರೂ ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತಿತ್ತು. ಹಾಲ್‌ಸ್ಟೆಡ್ ಪದ್ಧತಿಯಿಂದ ಅದು ಬಹಳ ಕಡಿಮೆಯಾಯಿತು. ಆ ದಿನಗಳಿಗೆ ಅದು ನಿಜವಾದ ಸಾಧನೆಯೇ ಸರಿ.

ಆದರೆ ಬೆಲೆ ತೆತ್ತವರು ಯಾರು? ಎದೆಯ ಮಾಂಸ ಹೋಗಿ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಕಂಕುಳಿನ ಗ್ರಂಥಿ ತೆಗೆದ ಮೇಲೆ ಎಷ್ಟೋ ಜನರಿಗೆ ತೋಳು ಊದಿ ಭಾರವಾಗುತ್ತಿತ್ತು. ಕೈ ಮೇಲಕ್ಕೆ ಎತ್ತುವುದೇ ಕಷ್ಟ. ತಲೆಯ ಮೇಲೆ ಕೊಡ ಹೊರುವ, ಬುಟ್ಟಿ ಎತ್ತುವ ಹೆಣ್ಣುಮಗಳಿಗೆ ಕೈ ಹೋಯಿತೆಂದರೆ ಅರ್ಧ ಬದುಕೇ ಹೋದಂತೆ. ಇನ್ನೊಂದು ಕ್ರೂರ ರೂಢಿಯೂ ಇತ್ತು. ಗಂಟಿನ ಚೂರು ತೆಗೆದು ಪರೀಕ್ಷೆ ಮಾಡುವುದು, ಕ್ಯಾನ್ಸರ್ ಎಂದು ಕಂಡರೆ ಅಲ್ಲೇ ದೊಡ್ಡ ಆಪರೇಷನ್ ಮಾಡಿ ಮುಗಿಸುವುದು, ಎರಡೂ ಒಂದೇ ಸಲದ ಮತ್ತಿನಲ್ಲಿ. ಮಲಗುವಾಗ ಆಕೆಗೆ ಏನೂ ಗೊತ್ತಿಲ್ಲ. ಎಚ್ಚರವಾದಾಗ ಸ್ತನ ಇದೆಯೋ ಇಲ್ಲವೋ ಎಂದು ಕೈಯಿಂದ ತಡವಿ ನೋಡಿಕೊಳ್ಳಬೇಕು!

ಈ ಪದ್ಧತಿಯ ಹಿಂದೆ ಒಂದು ನಂಬಿಕೆ ಇತ್ತು. ಕ್ಯಾನ್ಸರ್ ನಮ್ಮ ಹೊಲದ ಗರಿಕೆಯ ಹಾಗೆ ಎಂಬ ನಂಬಿಕೆ. ಒಂದು ಕಡೆ ಹುಟ್ಟಿ ನೆಲ ಹಿಡಿದುಕೊಂಡೇ ಗೆಣ್ಣು ಗೆಣ್ಣಾಗಿ ಹಬ್ಬುತ್ತದೆ. ಮೊದಲು ಸ್ತನ, ಆಮೇಲೆ ಕಂಕುಳು, ಅದನ್ನು ದಾಟಿದ ಮೇಲೆ ಮೈಯೆಲ್ಲ. ಹಾಗಾದರೆ ಸುತ್ತಲೂ ಅಗಲವಾಗಿ, ಆಳವಾಗಿ ಅಗೆದು ತೆಗೆದರೆ ರೋಗ ಹೋಗಲೇಬೇಕಲ್ಲ? ಹೋಗದಿದ್ದರೆ ಅಗೆದದ್ದು ಸಾಲದು ಎಂದು ಅರ್ಥ. ಇನ್ನೂ ಅಗಲ ಮಾಡು! ಕೆಲವರು ಪಕ್ಕೆಲುಬಿನ ಒಳಗಿನ ಗ್ರಂಥಿಗಳವರೆಗೂ ಕೊಯ್ದರು. ಆದರೂ ಆಪರೇಷನ್ ಆದ ಎಷ್ಟೋ ಹೆಂಗಸರು ಕೆಲವು ವರ್ಷಗಳಲ್ಲಿ ಮೂಳೆಗೋ ಶ್ವಾಸಕೋಶಕ್ಕೋ ರೋಗ ಬಂದು ಸಾಯುತ್ತಲೇ ಇದ್ದರು. ಏಕೆ?

ಗರಿಕೆಯೋ, ಕಾಂಗ್ರೆಸ್ ಕಸವೋ?

ಫಿಶರ್ ಹುಟ್ಟಿ ಬೆಳೆದ ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳ ಊರು, ನಮ್ಮ ಭದ್ರಾವತಿಯ ದೊಡ್ಡಣ್ಣ ಅನ್ನಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲೇ 1943ರಲ್ಲಿ ಡಾಕ್ಟರ್ ಪದವಿ ಪಡೆದರು. ಶಸ್ತ್ರವೈದ್ಯರಾದರೂ ಅವರ ಮನಸ್ಸು ಪ್ರಯೋಗಶಾಲೆಯ ಕಡೆಗೇ ಎಳೆಯುತ್ತಿತ್ತು. ಕತ್ತರಿಸಿದ ಲಿವರ್ ಮತ್ತೆ ಹೇಗೆ ಬೆಳೆಯುತ್ತದೆ, ಬೇರೆಯವರ ಅಂಗವನ್ನು ದೇಹ ಏಕೆ ಒಪ್ಪುವುದಿಲ್ಲ, ಇಂಥ ಪ್ರಶ್ನೆಗಳು. ಸ್ತನ ಕ್ಯಾನ್ಸರ್ ಅವರ ವಿಷಯವೇ ಆಗಿರಲಿಲ್ಲ.

1950ರ ದಶಕದ ಕೊನೆಗೆ ಫಿಲಡೆಲ್ಫಿಯಾದ ಹಿರಿಯ ಶಸ್ತ್ರವೈದ್ಯ ಐಸಿಡೋರ್ ರಾವ್‌ಡಿನ್ ಒಂದು ಸಭೆಗೆ ಕರೆದರು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಆಪರೇಷನ್‌ನಲ್ಲಿ ಭಾಗವಹಿಸಿದ್ದ ದೊಡ್ಡ ಮನುಷ್ಯ, ಕರೆದರೆ ಇಲ್ಲ ಅನ್ನಲಾದೀತೇ? ಸ್ತನ ಕ್ಯಾನ್ಸರ್‌ನ ಆಪರೇಷನ್ ಜೊತೆಗೆ ಔಷಧಿಯನ್ನೂ ಕೊಟ್ಟರೆ ಹೇಗೆ ಎಂಬುದು ಸಭೆಯ ವಿಷಯ. ಹಲವು ಆಸ್ಪತ್ರೆಗಳು ಕೂಡಿ, ಒಂದೇ ನಿಯಮದಲ್ಲಿ ಚಿಕಿತ್ಸೆ ಕೊಟ್ಟು, ಫಲಿತಾಂಶವನ್ನು ಒಂದೇ ಕಡೆ ಲೆಕ್ಕ ಹಾಕುವ ಒಂದು ಒಕ್ಕೂಟ 1958ರಲ್ಲಿ ಶುರುವಾಯಿತು. ಎನ್‌ಎಸ್‌ಎಬಿಪಿ ಎಂಬ ಉದ್ದನೆಯ ಹೆಸರಿನ ಸಂಸ್ಥೆ ಅದೇ. 1967ರಲ್ಲಿ ಫಿಶರ್ ಅದರ ಅಧ್ಯಕ್ಷರಾದರು.

ಅಷ್ಟರಲ್ಲಿ ಅವರು ಪ್ರಯೋಗಶಾಲೆಯಲ್ಲಿ ಬಹಳ ದೂರ ಬಂದಿದ್ದರು. ಜೊತೆಗಿದ್ದವರು ಸ್ವಂತ ತಮ್ಮ, ರೋಗಶಾಸ್ತ್ರಜ್ಞ ಎಡ್ವಿನ್ ಫಿಶರ್. ಕಂಕುಳಿನ ಗ್ರಂಥಿ ಕ್ಯಾನ್ಸರ್ ಕಣಗಳನ್ನು ತಡೆದು ನಿಲ್ಲಿಸುವ ಚೆಕ್‌ಪೋಸ್ಟ್ ಎಂದು ಎಲ್ಲರೂ ನಂಬಿದ್ದರು. ಗಡಿಯಲ್ಲಿ ಬದುಕುವ ನಮಗೆ ಚೆಕ್‌ಪೋಸ್ಟ್‌ನ ಸಂಗತಿ ಬೇರೆಯವರು ಹೇಳಬೇಕಾಗಿಲ್ಲ. ಗೇಟು ಇರುತ್ತದೆ, ಲಾರಿಗಳು ಪಕ್ಕದ ಹೊಲದ ದಾರಿಯಿಂದ ದಾಟಿರುತ್ತವೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ನೋಡಿದಾಗ ಫಿಶರ್ ಸೋದರರಿಗೆ ಕಂಡದ್ದೂ ಅದೇ. ಕ್ಯಾನ್ಸರ್ ಕಣಗಳು ಗ್ರಂಥಿಯನ್ನು ದಾಟಿ ಹೋಗುತ್ತಿದ್ದವು. ಅಲ್ಲಿಂದ ರಕ್ತಕ್ಕೂ, ರಕ್ತದಿಂದ ಮತ್ತೆ ಗ್ರಂಥಿಗೂ ಅವುಗಳ ಓಡಾಟ ನಡೆದೇ ಇತ್ತು.

1959ರಲ್ಲಿ ಪ್ರಕಟವಾದ ಅವರ ಇನ್ನೊಂದು ಪ್ರಯೋಗ ಇನ್ನೂ ವಿಚಿತ್ರ. ಇಲಿಗಳ ಲಿವರ್‌ಗೆ ಹೋಗುವ ರಕ್ತನಾಳಕ್ಕೆ ಕೇವಲ 50 ಕ್ಯಾನ್ಸರ್ ಕಣಗಳನ್ನು ಬಿಟ್ಟರು. ತಿಂಗಳುಗಟ್ಟಲೆ ಕಾದರೂ ಗಂಟು ಏಳಲಿಲ್ಲ. ಕಣ ಸತ್ತವು ಎಂದುಕೊಳ್ಳಬೇಕು. ಆದರೆ ಇಲಿಗಳ ಹೊಟ್ಟೆಯನ್ನು ಮತ್ತೆ ಮತ್ತೆ ತೆರೆದು ಲಿವರನ್ನು ಕೈಯಾಡಿಸಿದಾಗ ಗಂಟುಗಳು ಎದ್ದವು! ಕಣಗಳು ಸತ್ತಿರಲಿಲ್ಲ, ಮಲಗಿದ್ದವು. ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಕಳೆಬೀಜ ಮಳೆ ಬಿದ್ದು ಹರಗಿದ ಮೇಲೆ ಏಳುವುದಿಲ್ಲವೇ, ಹಾಗೆ. ಆಪರೇಷನ್ ಆಗಿ ಹತ್ತು ಹದಿನೈದು ವರ್ಷ ಚೆನ್ನಾಗಿದ್ದವರಿಗೂ ರೋಗ ಮರಳುವುದು ಹೇಗೆ ಎಂಬುದಕ್ಕೆ ಇದು ಒಂದು ಸುಳಿವು.

(ಇಲ್ಲೊಂದು ಎಚ್ಚರಿಕೆ. ‘ಸೂಜಿ ಚುಚ್ಚಿದ್ರೆ, ಕತ್ತಿ ತಾಗಿದ್ರೆ ಕ್ಯಾನ್ಸರ್ ಹರಡ್ತದ’ ಎಂದು ಹೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಈ ಪ್ರಯೋಗದ ಅರ್ಥ ಅದಲ್ಲ. ಕಣಗಳನ್ನು ಬೇಕೆಂದೇ ರಕ್ತಕ್ಕೆ ಬಿಟ್ಟು, ಹೊಟ್ಟೆಯನ್ನು ಮೇಲಿಂದ ಮೇಲೆ ತೆರೆದ ಇಲಿಗಳ ಕತೆ ಇದು. ಗಂಟಿನ ಸೂಜಿ ಪರೀಕ್ಷೆಗೆ ಹೆದರಿ ಕೂತರೆ ನಷ್ಟ ಖಂಡಿತ.)

ಇದೆಲ್ಲದರಿಂದ ಫಿಶರ್ ಹೊಸ ವಿಚಾರವೊಂದನ್ನು ಮುಂದಿಟ್ಟರು. ಸ್ತನ ಕ್ಯಾನ್ಸರ್ ಗರಿಕೆಯ ಹಾಗಲ್ಲ, ಕಾಂಗ್ರೆಸ್ ಕಸದ ಹಾಗೆ. ಗಿಡ ಕೈಗೆ ಸಿಗುವ ಹೊತ್ತಿಗೆ ಬೀಜ ಹಾರಿಹೋಗಿರಬಹುದು, ಹೋಗದೆಯೂ ಇರಬಹುದು. ಹಾರಿಹೋಗಿದ್ದರೆ ಗಿಡದ ಸುತ್ತ ಹತ್ತು ಮಾರು ಅಗೆದರೂ ಪ್ರಯೋಜನವಿಲ್ಲ. ಹಾರಿಹೋಗದಿದ್ದರೆ ಅಷ್ಟು ಅಗೆಯುವ ಅಗತ್ಯವೇ ಇಲ್ಲ. ಅಂದಮೇಲೆ ಗಂಟನ್ನು ಸರಿಯಾಗಿ ತೆಗೆದು, ಹಾರಿದ ಬೀಜಕ್ಕೆ ಮೈಯೆಲ್ಲ ತಲುಪುವ ಔಷಧಿ ಕೊಡುವುದೇ ದಾರಿ.

ಮಾತು ಸರಳ. ಆದರೆ ಇದು ಹೇಳಿಕೆಯಷ್ಟೆ. ಹಾಲ್‌ಸ್ಟೆಡ್‌ರದ್ದೂ ಹೇಳಿಕೆಯೇ ಆಗಿತ್ತು. ಯಾರದು ನಿಜ?

ಚೀಟಿ ಎತ್ತಿದ ಹಾಗೆ

ಹೊಸ ಜೋಳದ ತಳಿ ಬಂತು ಎಂದಿಟ್ಟುಕೊಳ್ಳಿ. ಅದನ್ನು ಕರಿಮಣ್ಣಿನ ಹೊಲಕ್ಕೆ ಬಿತ್ತಿ, ಹಳೆಯ ತಳಿಯನ್ನು ಕಲ್ಲುಹೊಲಕ್ಕೆ ಬಿತ್ತಿ, ‘ನೋಡ್ರಿ ಹೊಸಾದು ಹೆಂಗ ಬಂದದ’ ಅಂದರೆ ಯಾವ ರೈತ ಒಪ್ಪುತ್ತಾನೆ? ಒಂದೇ ಹೊಲವನ್ನು ಪಟ್ಟಿ ಪಟ್ಟಿ ಮಾಡಿ, ಯಾವ ಪಟ್ಟಿಗೆ ಯಾವ ಬೀಜ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಬೇಕು. ಆಗ ಲೆಕ್ಕ ನ್ಯಾಯವಾಗುತ್ತದೆ. ಡಾಕ್ಟರರು ಮಾತ್ರ ಇದನ್ನು ಮಾಡಿರಲಿಲ್ಲ. ಗಟ್ಟಿಮುಟ್ಟಾದ, ಬೇಗ ಬಂದ ರೋಗಿಗೆ ಒಂದು ಆಪರೇಷನ್, ಸೋತವರಿಗೆ ಇನ್ನೊಂದು. ಆಮೇಲೆ ‘ನನ್ನ ಅನುಭವದಲ್ಲಿ’ ಎಂದು ಮಾತು.

ಫಿಶರ್ ಚೀಟಿ ಎತ್ತುವ ಪದ್ಧತಿಯನ್ನೇ ಶಸ್ತ್ರವೈದ್ಯರ ಮುಂದಿಟ್ಟರು. ಅನೇಕರು ಸಿಟ್ಟಾದರು. ರೋಗಿಯ ಜೀವವನ್ನು ಅದೃಷ್ಟಕ್ಕೆ ಬಿಡುವುದೇ? ನಲವತ್ತು ವರ್ಷದ ಅನುಭವಕ್ಕೆ ಬೆಲೆಯಿಲ್ಲವೇ? ಆದರೂ ಅಮೆರಿಕ, ಕೆನಡಾದ 34 ಆಸ್ಪತ್ರೆಗಳು ಒಪ್ಪಿದವು. 1971ರಿಂದ 1974ರವರೆಗೆ ನಡೆದ ಸೇರ್ಪಡೆಯಲ್ಲಿ ಲೆಕ್ಕಕ್ಕೆ ಸಿಕ್ಕವರು 1,665 ಹೆಂಗಸರು. ಕಂಕುಳಲ್ಲಿ ಗಂಟು ಕೈಗೆ ಸಿಗದವರನ್ನು ಮೂರು ಪಾಲು ಮಾಡಿದರು. ಒಂದು ಪಾಲಿಗೆ ಹಾಲ್‌ಸ್ಟೆಡ್ ಆಪರೇಷನ್. ಎರಡನೆಯದಕ್ಕೆ ಸ್ತನ ಮಾತ್ರ ತೆಗೆದು ರೇಡಿಯೇಷನ್, ಅಂದರೆ ಜನ ಅನ್ನುವ ‘ಕರೆಂಟ್’. ಮೂರನೆಯದಕ್ಕೆ ಸ್ತನ ಮಾತ್ರ ತೆಗೆದು ಕಂಕುಳನ್ನು ಹಾಗೇ ಬಿಡುವುದು, ಮುಂದೆ ಅಲ್ಲಿ ಗಂಟು ಎದ್ದರಷ್ಟೇ ತೆಗೆಯುವುದು.

ಇಲ್ಲಿಯೇ ಸ್ವಾರಸ್ಯ ಇರುವುದು. ಹಾಲ್‌ಸ್ಟೆಡ್ ಆಪರೇಷನ್ ಆದವರಲ್ಲಿ ನೂರಕ್ಕೆ ಸುಮಾರು 40 ಜನರ ಕಂಕುಳಿನ ಗ್ರಂಥಿಯಲ್ಲಿ ಕ್ಯಾನ್ಸರ್ ಅಡಗಿತ್ತು. ಅಂದರೆ ಮೂರನೆಯ ಪಾಲಿನವರಲ್ಲೂ ಅಷ್ಟೇ ಜನರಿಗೆ ಇರಲೇಬೇಕು. ಅದನ್ನು ತೆಗೆದೇ ಇಲ್ಲ! ಹಳೆಯ ನಂಬಿಕೆ ನಿಜವಾಗಿದ್ದರೆ ಆ ಹೆಂಗಸರು ಹೆಚ್ಚಾಗಿ ಸಾಯಬೇಕಿತ್ತು. ಸಾಯಲಿಲ್ಲ. ಕಂಕುಳಲ್ಲಿ ಆಮೇಲೆ ಗಂಟು ಎದ್ದವರು ನೂರಕ್ಕೆ 18-19 ಜನ ಮಾತ್ರ. 2002ರಲ್ಲಿ 25 ವರ್ಷಗಳ ಲೆಕ್ಕ ಹೊರಬಂದಾಗಲೂ ಮೂರು ಪಾಲಿನ ಆಯುಷ್ಯದಲ್ಲಿ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ.

ದೊಡ್ಡ ಆಪರೇಷನ್‌ನಿಂದ ಹೆಚ್ಚು ಆಯುಷ್ಯ ಇಲ್ಲ ಎಂದಾದರೆ ಇಡೀ ಸ್ತನವನ್ನಾದರೂ ಏಕೆ ತೆಗೆಯಬೇಕು? ಫಿಶರ್ ಮುಂದಿನ ಪ್ರಶ್ನೆ ಇದು. 1976ರಲ್ಲಿ ಎರಡನೆಯ ದೊಡ್ಡ ಪರೀಕ್ಷೆ ಶುರುವಾಯಿತು. ಗಂಟು 4 ಸೆಂಟಿಮೀಟರ್‌ಗಿಂತ ದೊಡ್ಡದಿರಬಾರದು. ಇಲ್ಲಿಯೂ ಮೂರು ಪಾಲು: ಇಡೀ ಸ್ತನ ತೆಗೆಯುವುದು, ಗಂಟು ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ ಮಾತ್ರ ತೆಗೆಯುವುದು, ಗಂಟು ತೆಗೆದು ರೇಡಿಯೇಷನ್ ಕೊಡುವುದು. ಎಲ್ಲರಿಗೂ ಕಂಕುಳಿನ ಗ್ರಂಥಿ ತೆಗೆದು ಪರೀಕ್ಷೆ ಮಾಡಿದರು. 2,163 ಹೆಂಗಸರು ಸೇರಿದರು. ಮೊದಲ ಫಲಿತಾಂಶ 1985ರಲ್ಲಿ, ಇಪ್ಪತ್ತು ವರ್ಷದ ಲೆಕ್ಕ 2002ರಲ್ಲಿ ಬಂತು.

ಇಪ್ಪತ್ತು ವರ್ಷದ ನಂತರ ಬದುಕಿದ್ದವರು: ಸ್ತನ ಪೂರ್ತಿ ತೆಗೆದವರಲ್ಲಿ ನೂರಕ್ಕೆ 47, ಗಂಟು ಮಾತ್ರ ತೆಗೆದವರಲ್ಲಿ 46, ಗಂಟು ತೆಗೆದು ರೇಡಿಯೇಷನ್ ಕೊಟ್ಟವರಲ್ಲಿ 46. ತಕ್ಕಡಿ ಸಮ. ಆದರೆ ಅದೇ ಸ್ತನದಲ್ಲಿ ಮತ್ತೆ ಗಂಟು ಬಂದದ್ದು ರೇಡಿಯೇಷನ್ ಇಲ್ಲದವರಲ್ಲಿ ನೂರಕ್ಕೆ 39, ರೇಡಿಯೇಷನ್ ಪಡೆದವರಲ್ಲಿ 14. ಅಂದರೆ ಸ್ತನ ಉಳಿಸಿಕೊಳ್ಳಬಹುದು, ರೇಡಿಯೇಷನ್ ಮಾತ್ರ ತಪ್ಪಿಸಬಾರದು. ಇಟಲಿಯ ಮಿಲಾನ್ ನಗರದಲ್ಲಿ ಶಸ್ತ್ರವೈದ್ಯ ಉಂಬರ್ತೋ ವೆರೋನೇಸಿ 701 ಹೆಂಗಸರ ಮೇಲೆ ಪ್ರತ್ಯೇಕವಾಗಿ ನಡೆಸಿ 1981ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಇದನ್ನೇ ಹೇಳಿತ್ತು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಬೇಗ ಪತ್ತೆಯಾದ ಸ್ತನ ಕ್ಯಾನ್ಸರ್‌ಗೆ ಸ್ತನ ಉಳಿಸುವ ಚಿಕಿತ್ಸೆಯೇ ಮೇಲು ಎಂದು ತೀರ್ಮಾನಿಸಿತು.

ಈ ಗೆಲುವು ಡಾಕ್ಟರದ್ದು ಮಾತ್ರ ಅಲ್ಲ. ‘ನನಗೆ ಯಾವ ಆಪರೇಷನ್ ಎಂದು ಚೀಟಿ ಎತ್ತಿರಿ’ ಎಂದು ಒಪ್ಪಿದ ಆ ಸಾವಿರಾರು ಹೆಂಗಸರದ್ದು. ತಮಗೆ ಲಾಭ ಆಗುತ್ತದೋ ಇಲ್ಲವೋ ಗೊತ್ತಿಲ್ಲದೆ ಮುಂದಿನವರಿಗಾಗಿ ಮೈಯನ್ನೇ ಪಣಕ್ಕಿಟ್ಟವರು. ಪತ್ರಕರ್ತೆ ರೋಸ್ ಕುಶ್ನರ್ ಅಂಥವರ ಪಾಲೂ ಇದೆ. 1974ರಲ್ಲಿ ತಮ್ಮದೇ ಸ್ತನದಲ್ಲಿ ಗಂಟು ಕಂಡಾಗ, ಪರೀಕ್ಷೆ ಬೇರೆ ದಿನ, ಆಪರೇಷನ್ ಬೇರೆ ದಿನ ಆಗಬೇಕು ಎಂದು ಪಟ್ಟು ಹಿಡಿದ ಹೆಣ್ಣುಮಗಳು ಆಕೆ. ಅದೇ ವರ್ಷ ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮಗೆ ಸ್ತನ ಕ್ಯಾನ್ಸರ್ ಆಪರೇಷನ್ ಆದದ್ದನ್ನು ಬಚ್ಚಿಡದೆ ಹೇಳಿದರು. ಅಲ್ಲಿಯವರೆಗೆ ಪಿಸುಮಾತಿನಲ್ಲಿದ್ದ ರೋಗ ಪತ್ರಿಕೆಯ ಮುಖಪುಟಕ್ಕೆ ಬಂತು.

ಹಾರಿದ ಬೀಜಕ್ಕೆ ಔಷಧಿ

ಬೀಜ ಹಾರಿರಬಹುದು ಎಂದಮೇಲೆ ಔಷಧಿಯ ಮಾತು ಬರಲೇಬೇಕು. ಆಪರೇಷನ್ ಆದ ಮೇಲೆ ಔಷಧಿ ಕೊಟ್ಟರೆ ರೋಗ ಮರಳುವುದು ತಗ್ಗುತ್ತದೆ ಎಂದು ಫಿಶರ್ ತಂಡ 1975ರಲ್ಲಿ ತೋರಿಸಿತು. ಮರುವರ್ಷ ಮಿಲಾನ್‌ನ ಜಾನಿ ಬೊನದೊನ್ನ ಮೂರು ಔಷಧಿ ಕೂಡಿಸಿ ಕೊಟ್ಟ ಪರೀಕ್ಷೆಯ ಫಲ ಪ್ರಕಟಿಸಿದರು. ಇಂದು ‘ಕೀಮೋ’ ಎಂದು ಊರೂರಲ್ಲಿ ಕೇಳುವ ಹೆಸರಿನ ಹಿಂದೆ ಈ ಇಬ್ಬರ ದುಡಿಮೆ ಇದೆ.

ಇನ್ನೊಂದು ಟ್ಯಾಮಾಕ್ಸಿಫೆನ್ ಎಂಬ ಮಾತ್ರೆ. ಹೆಣ್ಣಿನ ದೇಹದ ಈಸ್ಟ್ರೋಜನ್ ಹಾರ್ಮೋನು ಕೆಲವು ಬಗೆಯ ಸ್ತನ ಕ್ಯಾನ್ಸರ್‌ಗೆ ಗೊಬ್ಬರದಂತೆ. ಆ ಗೊಬ್ಬರ ಕಣಕ್ಕೆ ತಲುಪದಂತೆ ತಡೆಯುವುದು ಈ ಮಾತ್ರೆಯ ಕೆಲಸ. ಕಂಕುಳಿಗೆ ಹರಡದ, ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರ್‌ನಲ್ಲೂ ಇದು ಫಲಕಾರಿ ಎಂದು ಅವರ ತಂಡ 1989ರಲ್ಲಿ ಪ್ರಕಟಿಸಿತು. ಆಮೇಲೆ, ರೋಗ ಬಾರದಿದ್ದರೂ ಬರುವ ಸಂಭವ ಹೆಚ್ಚಿದ್ದ 13,388 ಹೆಂಗಸರ ಮೇಲೆ ಪರೀಕ್ಷೆ ನಡೆಯಿತು. ಮಾತ್ರೆ ತೆಗೆದುಕೊಂಡವರಲ್ಲಿ ಹರಡುವ ಬಗೆಯ ಸ್ತನ ಕ್ಯಾನ್ಸರ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು ಎಂದು 1998ರಲ್ಲಿ ಗೊತ್ತಾಯಿತು. ಗರ್ಭಕೋಶದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು ಮುಂತಾದ ಅಪಾಯ ಕೆಲವರಿಗೆ ಹೆಚ್ಚಾದದ್ದನ್ನೂ ಅದೇ ವರದಿ ಹೇಳಿತು. ಲಾಭ ನಷ್ಟ ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದು ಒಳ್ಳೆಯ ಖಾತೆಯ ಲಕ್ಷಣ.

ಲೆಕ್ಕದ ಪುಸ್ತಕಕ್ಕೇ ಮಸಿ

ಇಷ್ಟಾದ ಮೇಲೆ ಫಿಶರ್ ಸುಖವಾಗಿ ನಿವೃತ್ತರಾದರು ಎಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ಹಾಗಾಗಲಿಲ್ಲ.

1990ರಲ್ಲಿ ಅವರ ಕಚೇರಿಯವರೇ ಒಂದು ತಪ್ಪು ಹಿಡಿದರು. ಕೆನಡಾದ ಮಾಂಟ್ರಿಯಲ್ ನಗರದ ಶಸ್ತ್ರವೈದ್ಯರೊಬ್ಬರು ಕಳಿಸಿದ ದಾಖಲೆಗಳಲ್ಲಿ ತಾರೀಕು ತಾಳೆಯಾಗುತ್ತಿರಲಿಲ್ಲ. ಕೆದಕಿದಂತೆಲ್ಲ ಸುಳ್ಳುಗಳು ಹೊರಬಿದ್ದವು. ನಿಯಮದ ಪ್ರಕಾರ ಪರೀಕ್ಷೆಗೆ ಸೇರಿಸಬಾರದ ರೋಗಿಗಳನ್ನು ತಾರೀಕು ತಿದ್ದಿ ಸೇರಿಸಿದ್ದರು. ರೋಗಿಗಳಿಗೆ ಒಳ್ಳೆಯ ಚಿಕಿತ್ಸೆ ಸಿಗಲಿ ಎಂದು ಹಾಗೆ ಮಾಡಿದೆ ಎಂಬುದು ಆ ಡಾಕ್ಟರ ಸಮಜಾಯಿಷಿ. ಎರಡನೆಯ ದೊಡ್ಡ ಪರೀಕ್ಷೆಯ ಆರರಲ್ಲೊಂದು ಪಾಲು ರೋಗಿಗಳು ಅವರ ಆಸ್ಪತ್ರೆಯವರೇ ಆಗಿದ್ದರು.

ಫಿಶರ್ ಕಚೇರಿ ವಿಷಯವನ್ನು ಸರಕಾರಕ್ಕೆ ತಿಳಿಸಿತು. ಆದರೆ ಸಾರ್ವಜನಿಕರಿಗೆ ಬೇಗ ತಿಳಿಸಲಿಲ್ಲ. ಆ ದಾಖಲೆ ಬಿಟ್ಟು ಮಾಡಿದ ಲೆಕ್ಕವನ್ನು ಕೂಡಲೇ ಪ್ರಕಟಿಸಲೂ ಇಲ್ಲ. 1994ರಲ್ಲಿ ಷಿಕಾಗೋ ಪತ್ರಿಕೆಯೊಂದು ಸುದ್ದಿ ಒಡೆದಾಗ ಗುಲ್ಲೆದ್ದಿತು. ಸ್ತನ ಉಳಿಸಿಕೊಂಡ ಸಾವಿರಾರು ಹೆಂಗಸರು ‘ನಮಗೆ ಹೇಳಿದ್ದು ಸುಳ್ಳೇ?’ ಎಂದು ಗಾಬರಿಯಾದರು. ಅವರ ಗಾಬರಿಗೆ ಅರ್ಥವಿತ್ತು. ಸಂಸತ್ತಿನಲ್ಲಿ ವಿಚಾರಣೆ ನಡೆಯಿತು. 75 ವರ್ಷದ ಫಿಶರ್ ತಾವೇ ಕಟ್ಟಿ ಬೆಳೆಸಿದ ಸಂಸ್ಥೆಯ ಅಧ್ಯಕ್ಷ ಪದವಿ ಕಳೆದುಕೊಂಡರು. ವೈದ್ಯಕೀಯ ಲೇಖನಗಳ ಸರಕಾರಿ ಸೂಚಿಯಲ್ಲಿ ಅವರ ಲೇಖನಗಳ ಮುಂದೆ ‘ವೈಜ್ಞಾನಿಕ ದುರ್ನಡತೆ’ ಎಂಬ ಹಣೆಪಟ್ಟಿ ಬಿತ್ತು. ಯಾರೋ ಮಾಡಿದ ತಪ್ಪಿಗೆ ಇವರ ಹೆಸರಿಗೆ ಮಸಿ.

ಫಿಶರ್ ಕೋರ್ಟಿಗೆ ಹೋದರು. ಅತ್ತ ಮಾಂಟ್ರಿಯಲ್ ದಾಖಲೆಗಳನ್ನು ಪೂರ್ತಿ ತೆಗೆದುಹಾಕಿ ಲೆಕ್ಕ ಹೊಸದಾಗಿ ಮಾಡಲಾಯಿತು. 1995ರಲ್ಲಿ ಪ್ರಕಟವಾದ ಆ ಲೆಕ್ಕವೂ ಹಿಂದಿನದನ್ನೇ ಹೇಳಿತು. 1997ರಲ್ಲಿ ಸರಕಾರದ ತನಿಖೆ ಅವರನ್ನು ದೋಷಮುಕ್ತ ಎಂದಿತು. ಅದೇ ವರ್ಷ ವಿಶ್ವವಿದ್ಯಾಲಯ ಕ್ಷಮೆ ಕೇಳಿ 27.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಈ ಪ್ರಕರಣದಿಂದ ಕಲಿಯುವುದು ಎರಡು. ಒಂದು, ಒಂದೇ ಡಾಕ್ಟರ ಮಾತಿನ ಮೇಲೆ ನಿಂತಿದ್ದರೆ ಇಡೀ ಕಟ್ಟಡ ಬೀಳುತ್ತಿತ್ತು. ಹಲವು ಆಸ್ಪತ್ರೆಗಳ ಲೆಕ್ಕ, ಮೇಲೆ ಮಿಲಾನ್‌ನ ಲೆಕ್ಕ ಇದ್ದುದರಿಂದ ನಿಂತಿತು. ಎರಡು, ಲೆಕ್ಕದಲ್ಲಿ ತಪ್ಪು ಕಂಡ ದಿನವೇ ಅದನ್ನು ಜನರ ಮುಂದಿಡಬೇಕು. ತಡ ಮಾಡಿದರೆ ಪ್ರಾಮಾಣಿಕನೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ.

ಫಿಶರ್ ಹೇಳಿದ್ದೇ ಕೊನೆಯ ಮಾತು ಎಂದೂ ಅಲ್ಲ. ಜಗತ್ತಿನ ಎಲ್ಲ ಪರೀಕ್ಷೆಗಳನ್ನು ಕೂಡಿಸಿ ಆಕ್ಸ್‌ಫರ್ಡ್‌ನ ತಂಡ 2005ರಲ್ಲಿ ಲೆಕ್ಕ ಹಾಕಿದಾಗ, ಅದೇ ಜಾಗದಲ್ಲಿ ರೋಗ ಮರಳುವುದನ್ನು ನಾಲ್ಕು ಜನರಲ್ಲಿ ತಪ್ಪಿಸಿದರೆ ಹದಿನೈದು ವರ್ಷದಲ್ಲಿ ಒಂದು ಜೀವ ಉಳಿಯುತ್ತದೆ ಎಂದು ಕಂಡಿತು. ಅಂದರೆ ಗಿಡದ ಬುಡವನ್ನು ಅಲಕ್ಷ್ಯ ಮಾಡುವಂತಿಲ್ಲ. ಕ್ಯಾನ್ಸರ್‌ನಲ್ಲಿ ಗರಿಕೆಯ ಗುಣವೂ ಸ್ವಲ್ಪ ಇದೆ ಎಂದಾಯಿತು.

ನಮ್ಮ ಮನೆಯ ಮಾತು

ಈಗ ಸೆರಗಿನೊಳಗಿನ ಗಂಟಿಗೆ ಮರಳೋಣ. ನಮ್ಮ ದೇಶದ ಹೆಂಗಸರಲ್ಲಿ ಈಗ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ. ಸ್ತನ ಉಳಿಸುವ ಚಿಕಿತ್ಸೆ ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾ ಮುಂತಾದ ಆಸ್ಪತ್ರೆಗಳಲ್ಲಿ ಹೊಸದೇನಲ್ಲ. ಆದರೂ ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಸ್ತನ ಪೂರ್ತಿ ತೆಗೆಯಬೇಕಾಗಿ ಬರುತ್ತದೆ. ಕಾರಣ ಎರಡು. ಬರುವುದೇ ತಡ, ಗಂಟು ದೊಡ್ಡದಾಗಿರುತ್ತದೆ. ಇನ್ನೊಂದು ರೇಡಿಯೇಷನ್ ಯಂತ್ರ ದೂರ. ವಾರಕ್ಕೆ ಐದು ದಿನದಂತೆ ಐದಾರು ವಾರ ಊರುಬಿಟ್ಟು ಇರುವುದು ಒಕ್ಕಲುತನದ ಮನೆಯ ಹೆಣ್ಣುಮಗಳಿಗೆ ಆಗುವ ಮಾತಲ್ಲ. ಈಗ ಬಹಳ ಜನರಿಗೆ ಸುಮಾರು ಮೂರು ವಾರದಲ್ಲೇ ಮುಗಿಸುವ ಪದ್ಧತಿ ಬಂದಿದೆ. ಡಾಕ್ಟರನ್ನು ಕೇಳಿ ತಿಳಿದುಕೊಳ್ಳಬೇಕು.

ಬೇಗ ಪತ್ತೆಹಚ್ಚಲು ದೊಡ್ಡ ಯಂತ್ರವೇ ಬೇಕೆಂದೂ ಇಲ್ಲ. ಟಾಟಾ ಆಸ್ಪತ್ರೆಯ ಶಸ್ತ್ರವೈದ್ಯ ಡಾ. ಇಂದ್ರನೀಲ್ ಮಿತ್ರ ಮತ್ತು ಅವರ ತಂಡ 1998ರಿಂದ ಮುಂಬಯಿಯ ಬಡ ಬಡಾವಣೆಗಳಲ್ಲಿ 1,51,538 ಹೆಂಗಸರನ್ನು ಎರಡು ಪಾಲು ಮಾಡಿ ಪರೀಕ್ಷೆ ನಡೆಸಿತು. ಒಂದು ಪಾಲಿನವರ ಸ್ತನವನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಇಪ್ಪತ್ತು ವರ್ಷದ ಲೆಕ್ಕ ಬಂತು. 50 ದಾಟಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸಾವು ನೂರಕ್ಕೆ ಸುಮಾರು 30ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಸಣ್ಣ ವಯಸ್ಸಿನವರಲ್ಲಿ ಅಂಥ ಲಾಭ ಕಾಣಲಿಲ್ಲ. ಫಿಶರ್ ಹಾಕಿದ ಲೆಕ್ಕದ ದಾರಿಯಲ್ಲೇ ನಮ್ಮವರು ನಡೆದು, ನಮ್ಮ ಬಡತನಕ್ಕೆ ಒಗ್ಗುವ ಉತ್ತರ ಕಂಡುಕೊಂಡರು.

ಸೊಲ್ಲಾಪುರ ಜಿಲ್ಲೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಬಾರ್ಶಿ. ಹಳ್ಳಿಗಳ ಕ್ಯಾನ್ಸರ್ ಲೆಕ್ಕ ಇಡುವ ನೋಂದಣಿ ಕೇಂದ್ರ ಅಲ್ಲಿ 1987ರಲ್ಲೇ ಶುರುವಾಯಿತು. ಅಲ್ಲಿ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಕಾಸರಗೋಡು, ವಯನಾಡಿನವರಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ದೂರವಲ್ಲ. ಯಾವ ರಾಜ್ಯದ ಆಸ್ಪತ್ರೆ, ಯಾವ ಭಾಷೆಯ ಚೀಟಿ ಎಂದು ನೋಡುತ್ತ ಕೂರುವ ಕಾಯಿಲೆ ಇದಲ್ಲ. ಎರಡು ಭಾಷೆ ಬಲ್ಲ ನಮಗೆ ಆ ಅಡ್ಡಿ ಇರಲೂಬಾರದು.

ಎದೆಯಲ್ಲೋ ಕಂಕುಳಲ್ಲೋ ಗಂಟು, ಚರ್ಮ ಒಳಕ್ಕೆ ಎಳೆದಂತಾಗುವುದು, ತೊಟ್ಟು ಒಳಗೆ ಸೇರುವುದು, ತೊಟ್ಟಿನಿಂದ ರಕ್ತ ಬರುವುದು, ಇವುಗಳಲ್ಲಿ ಒಂದು ಕಂಡರೂ ತೋರಿಸಬೇಕು. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ. ಆದರೆ ಅದನ್ನು ಹೇಳಬೇಕಾದವರು ನೆಗೆಣ್ಣಿಯೂ ಅಲ್ಲ, ನಾಟಿ ವೈದ್ಯನೂ ಅಲ್ಲ. ನೋವಿಲ್ಲ ಎಂಬುದು ಸಮಾಧಾನದ ಮಾತೂ ಅಲ್ಲ. ಶುರುವಿನ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ.

ಈ ಪುಟ ಓದುವವರಲ್ಲಿ ಗಂಡಸರೇ ಹೆಚ್ಚು ಎಂದು ಗೊತ್ತಿದೆ. ಹಾಗಾಗಿ ಕೊನೆಯ ಮಾತು ಅವರಿಗೆ. ಎತ್ತಿಗೆ ಬಾವು ಬಂದರೆ ಅದೇ ದಿನ ಪಶುವೈದ್ಯರ ಮನೆಗೆ ಓಡುತ್ತೇವೆ. ಬೆಳೆಗೆ ಹುಳ ಬಿದ್ದರೆ ರಾತ್ರಿಯೇ ಔಷಧಿ ತರುತ್ತೇವೆ. ಮನೆಯ ಹೆಣ್ಣುಮಗಳು ‘ಇಲ್ಲೊಂದು ಗಂಟು ಐತಿ’ ಅಂದಾಗ ಮಾತ್ರ ಸುಗ್ಗಿ ಮುಗಿಯಲಿ ಅನ್ನುವುದೇಕೆ? ಗಂಟು ಸಣ್ಣದಿರುವಾಗ ಹೋದರೆ ಜೀವವೂ ಉಳಿಯಬಹುದು, ಎದೆಯೂ ಉಳಿಯಬಹುದು. ಇದು ಯಾರೋ ಧೈರ್ಯಕ್ಕೆ ಹೇಳಿದ ಮಾತಲ್ಲ, ಸಾವಿರಾರು ಹೆಂಗಸರು ಚೀಟಿ ಎತ್ತಿ, ಇಪ್ಪತ್ತು ವರ್ಷ ಕಾದು, ಬರೆದಿಟ್ಟುಹೋದ ಲೆಕ್ಕ.